ಒಂದು ತಂಬಿಗೆ ನೀರು, ಒಂದು ಗಿಣಿ

ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು, "ಪೂಜಿ ಆಗ್ಯದನ್ರಿ?" ಆಗಿಲ್ಲವೆಂದರೆ ಒಳಗೆ ಒಂದು ಮೂಲೆಯಲ್ಲಿ ಮಣೆ ಹಾಕಿ, ತಂಬಿಗೆ ನೀರು, ವಿಭೂತಿ, ಎರಡು ಬಿಲ್ವಪತ್ರಿ ಇಟ್ಟು ಹಿಂದೆ ಸರಿಯುತ್ತೇವೆ. ಕೊರಳಲ್ಲಿಯ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಪೂಜೆ ಮುಗಿಸುವವರೆಗೆ ಬಂದವರು ನೀರು ಕೂಡ ಕುಡಿಯುವುದಿಲ್ಲ. ಬಂದವರು ಹಗೆಯವರಾದರೂ ಈ ಮಾತು ತಪ್ಪುವುದಿಲ್ಲ. ನಾನು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿದವಳು. ಉಮರ್ಗಾಕ್ಕೆ ಸೊಸೆಯಾಗಿ ಬಂದಾಗ ಜೋಳದ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ, ಬಾವಿಯಿಂದ ನೀರು ಸೇದಲು ಬರುತ್ತಿರಲಿಲ್ಲ. ಈ ರೀತಿಯೊಂದನ್ನು ಮಾತ್ರ ಮೊದಲ ದಿನವೇ ಕಲಿತೆ. ಆಮೇಲೆ ಒಮ್ಮೆ ಮುರಿದೆ. ಬೇಕೆಂದೇ ಮುರಿದೆ, ಒಂದು ಗಿಣಿಯ ಸಲುವಾಗಿ.

ನಮ್ಮದು ಬಟ್ಟೆ ವ್ಯಾಪಾರದ ಮನೆ. ಮುಂದೆ ಅಂಗಡಿ, ಅದರ ಹಿಂದೆ ಪಡಸಾಲೆ, ಆಮೇಲೆ ಅಡುಗೆಮನೆ, ಕೊನೆಗೆ ಬಾವಿಯಿದ್ದ ಹಿತ್ತಲು. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು, ನನ್ನ ಪುಟ್ಟ ಮಗಳು, ಮತ್ತು ಮೈದುನ. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ, ಊರಿನ ಜನ ಮತ್ತೆ ಮದುವೆಯ ಮಾತು ಆಡತೊಡಗಿದಾಗ, ಮೈದುನನಿಗೆ ನಿಲಂಗಾದ ಹುಡುಗಿಯನ್ನು ತಂದರು. ಒಕ್ಕಲುತನದ ಮನೆಯ ಮಗಳು. ನನಗಿಂತ ಮೂರು ವರ್ಷ ಸಣ್ಣವಳು, ಮೊಳಕೈವರೆಗೆ ಹಸಿರು ಬಳೆ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ನಕ್ಕರೆ ಒಂದು ಕಣ್ಣು ಮಾತ್ರ ಸಣ್ಣದಾಗುತ್ತಿತ್ತು. ಸಂಬಂಧದಲ್ಲಿ ನೆಗೆಣ್ಣಿ, ಆದರೆ ಬಂದ ದಿನದಿಂದ ನನ್ನನ್ನು ಅಕ್ಕಾ ಎಂದಳು. ಹಿತ್ತಲಿನಿಂದ ಕರೆಯುವಾಗ "ಅಕ್ಕಾ, ಬರ್ರೀ..." ಎಂದು ಕೊನೆಯನ್ನು ಎಳೆಯುತ್ತಿದ್ದಳು, ಹೊಲದಲ್ಲಿ ದೂರದವರನ್ನು ಕೂಗಿ ರೂಢಿಯಾದವರ ಹಾಗೆ.

ನಾನು ರೊಟ್ಟಿ ತಟ್ಟುವುದನ್ನು ಮೊದಲ ಸಲ ನೋಡಿದಾಗ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಅಕ್ಕಾ, ಇದೇನ್ ರೊಟ್ಟಿನೋ ಹಿಂದೂಸ್ತಾನದ ನಕಾಶಿನೋ?"

"ನಗಬ್ಯಾಡ ನೀ. ಅತ್ತಿ ಕೇಳಿಸ್ಕೋತಾರ."

"ಸರೀರಿ ಆಕಡಿ. ನೀವು ಬೆಂಕಿ ನೋಡ್ಕೋರಿ, ನಾ ತಟ್ತೀನಿ."

ಅಂದಿನಿಂದ ನನ್ನ ಪಾಲಿನ ರೊಟ್ಟಿಯನ್ನೂ ಅವಳೇ ತಟ್ಟಿದಳು. ಅತ್ತೆ ಅಡುಗೆಮನೆಗೆ ಬರುವ ಸಪ್ಪಳವಾದರೆ ಹಿಟ್ಟಿನ ಪರಾತವನ್ನು ನನ್ನ ಮುಂದಕ್ಕೆ ಸರಿಸಿ, ತಾನು ಒಲೆಯ ಕಡೆ ತಿರುಗುತ್ತಿದ್ದಳು. ಇದನ್ನೆಲ್ಲ ಈಗ ಬರೆಯುತ್ತಿರುವುದು, ನಾನು ಯಾರಿಗೆ ಏನು ಮಾಡಿದೆ ಎಂಬುದು ಓದುವವರಿಗೆ ತಿಳಿದಿರಲಿ ಎಂದು.

ಗಿಣಿಯನ್ನು ತಂದವನು ಮೈದುನ. ಮದುವೆಯಾದ ಹೊಸದರಲ್ಲಿ ಉದಗೀರದ ಸಂತೆಗೆ ಹೋದವನು, ಇನ್ನೂ ರೆಕ್ಕೆ ಬಲಿಯದ ಒಂದು ಮರಿಯನ್ನು ಧೋತರದ ತುದಿಯಲ್ಲಿ ಸುತ್ತಿಕೊಂಡು ಬಂದು ಹೆಂಡತಿಯ ಉಡಿಯಲ್ಲಿ ಹಾಕಿದ. ಅಷ್ಟಕ್ಕೆ ಅವನ ಕೆಲಸ ಮುಗಿಯಿತು. ಹಿಟ್ಟು ಕಲಸಿ ಗುಟುಕು ಕೊಟ್ಟವಳು ಅವಳು. ಬೆಕ್ಕಿನಿಂದ ಕಾಪಾಡಿ, ಥಂಡಿಯ ದಿನಗಳಲ್ಲಿ ಒಲೆಯ ಪಕ್ಕದ ಬುಟ್ಟಿಯಲ್ಲಿ ಮಲಗಿಸಿದವಳು ಅವಳು. ದೊಡ್ಡದಾದ ಮೇಲೆ ಪಡಸಾಲೆಯ ತೊಲೆಗೆ ಪಂಜರ ತೂಗುಹಾಕಿದರು. ದಿನಾ ಮುಂಜಾನೆ ಅವಳು ಮಿಂದು, ಪೂಜೆ ಮಾಡಿ, ಹಣೆಗೆ ಮೂರು ಬೆರಳಿನ ವಿಭೂತಿ ಧರಿಸಿ, ಒದ್ದೆ ಕೂದಲಲ್ಲೇ ಪಡಸಾಲೆಗೆ ಬಂದು ನೆನೆಸಿದ ಕಡಲೆ ತಿನ್ನಿಸುತ್ತಿದ್ದಳು. "ನನ್ನ ಪೂಜಿ ಆಗದ ನಿಂಗೂ ಇಲ್ಲ, ನಂಗೂ ಇಲ್ಲ" ಎಂದು ಅದರ ಜೊತೆ ಮಾತಾಡುತ್ತಿದ್ದಳು. ಅದು ಒಂದು ಕಾಲಲ್ಲಿ ಕಡಲೆ ಹಿಡಿದು, ತಲೆ ಓರೆ ಮಾಡಿ ಅವಳ ಹಣೆಯನ್ನೇ ನೋಡುತ್ತಿತ್ತು.

ಹಾಗಾಗಿ ಆ ಗಿಣಿಗೆ ಒಂದು ಸ್ವಭಾವ ಬಂತು. ವಿಭೂತಿ ಇಲ್ಲದವರ ಕೈಯಿಂದ ಅದು ತಿನ್ನುತ್ತಿರಲಿಲ್ಲ. ಬೆರಳು ಚಾಚಿದರೆ ರಕ್ತ ಬರುವ ಹಾಗೆ ಕಚ್ಚುತ್ತಿತ್ತು. ಅಂಗಡಿಗೆ ಬಂದ ಮರಾಠಿ ಶಾಲೆಯ ಮಾಸ್ತರರನ್ನು ಕಚ್ಚಿತು, ತಹಸೀಲು ಕಚೇರಿಯ ಗುಮಾಸ್ತರನ್ನು ಕಚ್ಚಿತು. ಮಾವನವರಿಗೆ ಅದೊಂದು ಹೆಮ್ಮೆ.

"ನಮ್ಮದು ಲಿಂಗವಂತ ಗಿಣಿ ಅದ್ರಿ, ಮಾಸ್ತರ. ದೀಕ್ಷಾ ತಗೊಂಡ ಬರ್ರಿ, ತಿಂತದ."

ಮಾಸ್ತರರು ಬೆರಳು ಚೀಪುತ್ತ, "ಸಾವಕಾರ್ರ, ನಿಮ್ಮ ಸಣ್ಣ ಮಗನ್ನೂ ಕಚ್ತದಲ್ಲ? ಅವಂದು ದೀಕ್ಷಾ ಕ್ಯಾನ್ಸಲ್ ಆಗ್ಯದೇನು?" ಎಂದರು. ಪಡಸಾಲೆಯೆಲ್ಲ ನಕ್ಕಿತು, ಮೈದುನ ನಗಲಿಲ್ಲ. ಸೊಲ್ಲಾಪುರದ ಮಿಲ್ಲುಗಳಿಂದ ಬಟ್ಟೆ ತರುವ ಕೆಲಸ ಅವನದು. ಅಲ್ಲಿಯ ಪೇಟೆಯಲ್ಲಿ ಓಡಾಡತೊಡಗಿದ ಮೇಲೆ ಅವನು ಹಣೆಯನ್ನು ಖಾಲಿ ಬಿಟ್ಟಿದ್ದ. ಅತ್ತೆ "ಸುಧಾರಿಸ್ಯಾನ" ಎಂದು ತುಟಿ ಓರೆ ಮಾಡುತ್ತಿದ್ದರು. ತಾನೇ ತಂದ ಗಿಣಿಯಿಂದ ಅವನು ಎರಡು ಸಲ ಕಚ್ಚಿಸಿಕೊಂಡಿದ್ದ.

ಭಕ್ತಿ ಗಿಕ್ತಿ ಏನೂ ಇಲ್ಲ, ಆ ಹಕ್ಕಿ ನೋಡುವುದು ಮೂರು ಬಿಳಿ ಗೆರೆಗಳನ್ನು ಎಂದು ನನಗೆ ಮಾತ್ರ ಗೊತ್ತಿತ್ತು. ಒಂದು ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮಗಳು ರಂಗೋಲಿಯ ಪುಡಿಯನ್ನು ಹಣೆಗೆ ಮೂರು ಗೆರೆ ಎಳೆದುಕೊಂಡು, ಕೊಳಗ ಬೋರಲು ಹಾಕಿ ಅದರ ಮೇಲೆ ನಿಂತು ಪಂಜರಕ್ಕೆ ಕೈ ಹಾಕಿದಳು. ನಾನು ಚೀರುವ ಮೊದಲೇ ಗಿಣಿ ಅವಳ ಬೆರಳ ನಡುವಿನಿಂದ ಕಡಲೆಯನ್ನು ಮೆತ್ತಗೆ ತೆಗೆದುಕೊಂಡಿತು. ಹಿಂದಿನ ದಿನವಷ್ಟೇ ಅದೇ ಬೆರಳನ್ನು ಕಚ್ಚಿತ್ತು. ಆಮೇಲೆ ಲಕ್ಷ್ಯಕೊಟ್ಟು ನೋಡಿದೆ. ಸಂಜೆ, ಬೆವರಿಗೆ ಹಣೆಯ ಗೆರೆಗಳು ಮಾಸಿದ ಮೇಲೆ, ಅದು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಸಾಕಿದವಳ ಹತ್ತಿರವೂ ಇಲ್ಲ. "ಸಂಜಿ ಆತಂದ್ರ ಇದಕ್ಕ ಸಿಟ್ಟು ಬರ್ತದ, ಥೇಟ್ ಅತ್ತಿ" ಎಂದು ಅವಳು ಪಿಸುಗುಟ್ಟಿ ನಗುತ್ತಿದ್ದಳು. ನಾನು ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ಮಾವನವರ ಹೆಮ್ಮೆ ಮುರಿಯುವುದೇಕೆ ಎಂದು ಆಗ ಸುಮ್ಮನಿದ್ದೆ.

ಮೂರು ವರ್ಷಕ್ಕೆ ಅವರಿಬ್ಬರ ಸಂಸಾರ ಕೆಟ್ಟಿತು. ಸೊಲ್ಲಾಪುರದಲ್ಲಿ ಮೈದುನ ಇನ್ನೊಂದು ಮನೆ ಮಾಡಿದ್ದು ಮೊದಲು ಅಂಗಡಿಗೆ ತಿಳಿಯಿತು, ಆಮೇಲೆ ಅಡುಗೆಮನೆಗೆ. ಅವಳು ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಮುಂಜಾನೆ ಗಿಣಿಗೆ ತಿನ್ನಿಸಿ, ಕೈ ತೊಳೆದುಕೊಂಡು ಬಂದು, "ಅಕ್ಕಾ, ನಾ ಪಾಲು ಹಂಚ್ಕೊಂಡು ಇರಾಕಿ ಅಲ್ಲ. ಅಪ್ಪಗ ಬಾ ಅಂತ ಹೇಳಿ ಕಳಿಸೀನಿ" ಎಂದಳು. ಗಿಣಿಯ ಪುಕ್ಕ ಉದುರುವ ಕಾಲ, ಬಸ್ಸಿನ ಸದ್ದಿಗೆ ಅದು ಬೆದರಿದರೆ ಎಂದು ಪಂಜರವನ್ನು ಬಿಟ್ಟು ಹೋದಳು. "ಎಂಟ ದಿನಕ್ಕ ಬಂದು ಒಯ್ತೀನಿ. ಅಲ್ಲಿತನಾ ನೀವು ನೋಡ್ಕೋರಿ. ನಿಮ್ಮ ಕೈಯಾಗ ತಿಂತದ."

ಎಂಟು ದಿನ ಎಂಟು ತಿಂಗಳಾಯಿತು. ಆ ತಿಂಗಳುಗಳಲ್ಲಿ ಗಿಣಿ ನನ್ನದಾಯಿತು.

ಕಾನ್ವೆಂಟಿನಲ್ಲಿ ಸಂಜೆ ಪ್ರಾರ್ಥನೆಗೆ ಮೊದಲು ಪಿಯಾನೋದ ಮೇಲೆ ಒಂದು ಸಣ್ಣ ರಾಗ ಬಾರಿಸುತ್ತಿದ್ದರು. ಬಟ್ಟೆ ಮಡಚುವಾಗ ನನಗೆ ತಿಳಿಯದೆಯೇ ಅದನ್ನು ತುಟಿಯಲ್ಲಿ ಗುನುಗುತ್ತಿದ್ದೆ. ಆ ಮನೆಯಲ್ಲಿ ಸೊಸೆಯಂದಿರು ಹಾಡುವುದಿದ್ದರೆ ಹಬ್ಬದ ಹಾಡು, ತೊಟ್ಟಿಲ ಹಾಡು. ಇದನ್ನು ಕೇಳಿದವರು ಯಾರೂ ಇರಲಿಲ್ಲ. ಒಂದು ದಿನ ಗಿಣಿ ಸಿಳ್ಳು ಹಾಕಿತು. ರಾಗದ ಮೊದಲ ಸಾಲು, ಕೊನೆಯ ಒಂದು ಸ್ವರ ಬಿಟ್ಟು. ನಾನು ಮಡಚುತ್ತಿದ್ದ ಧೋತರವನ್ನು ಕೆಳಗಿಟ್ಟೆ. ಉಮರ್ಗಾಕ್ಕೆ ಬಂದು ಏಳು ವರ್ಷಕ್ಕೆ, ನಾನು ಎಲ್ಲಿಂದ ಬಂದವಳೋ ಅಲ್ಲಿಯ ಒಂದು ದನಿ ಆ ಮನೆಯಲ್ಲಿ ನನಗೆ ಓಗೊಟ್ಟಿತು. ಮತ್ತೆ ಅದನ್ನು ಬಿಟ್ಟುಕೊಡುವುದು ನನ್ನಿಂದಾಗಲಿಲ್ಲ. ನನ್ನ ಪರವಾಗಿ ಹೇಳಲು ನನ್ನ ಹತ್ತಿರ ಇರುವುದು ಇಷ್ಟೇ.

ಬೇಸಿಗೆಯಲ್ಲಿ ಸೋಡಚಿಟ್ಟಿಯ ಮಾತು ಬಂತು. ಗಂಡ ಹೆಂಡತಿ ಬೇರೆಯಾಗುವಾಗ ಹಿರಿಯರ ಮುಂದೆ ಬರೆದುಕೊಡುವ ಬಿಡುಗಡೆಯ ಕಾಗದವದು. ಅದಾದ ಮೇಲೆ ಹೆಣ್ಣಿಗೆ ಇನ್ನೊಂದು ಮದುವೆಗೂ ಅಡ್ಡಿಯಿಲ್ಲ. ಕಾಗದಕ್ಕೆ ಎರಡೂ ಕಡೆಯವರು ಒಪ್ಪಿದರು. ಅವಳು ಒಡವೆ ಕೇಳಲಿಲ್ಲ, ಪಾತ್ರೆ ಕೇಳಲಿಲ್ಲ. "ನನ್ನ ಗಿಣಿ ಕೊಡ್ರಿ, ಸಾಕು" ಎಂದು ಹೇಳಿ ಕಳಿಸಿದಳು. ಅದಕ್ಕೆ ಮೈದುನ ಹಟಕ್ಕೆ ಬಿದ್ದ. "ನಾ ತಂದಿದ್ದು. ಯಾಕ ಕೊಡ್ಲಿ?" ಇದೊಂದು ಮಾತು ಉಳಿದಿರುವಾಗ ಕಾಗದದ ಮೇಲೆ ಸಹಿ ಬೇಡ, ಎಲ್ಲರೂ ಉಮರ್ಗಾದಲ್ಲೇ ಕೂಡೋಣ ಎಂದು ಮಠದ ಅಯ್ಯನವರು ದಿನ ಗೊತ್ತು ಮಾಡಿದರು.

ಹಿಂದಿನ ಸಂಜೆ ಅಯ್ಯನವರು ಅಂಗಡಿಯ ಕಟ್ಟೆಯ ಮೇಲೆ ಮಾವನವರಿಗೆ ಹೇಳುತ್ತಿದ್ದದ್ದು ನನಗೆ ಬಾಗಿಲ ಹಿಂದಿನಿಂದ ಕೇಳಿತು. "ನಾಳಿ ಗಿಣಿನೇ ಹೇಳ್ಲಿ. ಇಬ್ಬರೂ ಕೈಯಾಗ ಕಡ್ಲಿ ಹಿಡೀಲಿ. ಯಾರ ಕೈಯಾಗ ತಿಂತದ, ಅವರದು."

ಆ ಮಾತು ಕೇಳಿದ ಕ್ಷಣವೇ ನನಗೆ ಎಲ್ಲ ಹೊಳೆದುಬಿಟ್ಟಿತು. ಅದೇ ನನಗೆ ಈಗಲೂ ಭಯ ಹುಟ್ಟಿಸುತ್ತದೆ. ಯೋಚನೆ ಮಾಡಬೇಕಾಗಲೇ ಇಲ್ಲ.

ಮರುದಿನ ಮುಂಜಾನೆ ಮೈದುನ ಮಿಂದು ಬರುವಷ್ಟರಲ್ಲಿ ದೇವರ ಕೋಣೆಯಲ್ಲಿ ಅವನಿಗೆ ಮಣೆ ಹಾಕಿಟ್ಟಿದ್ದೆ. ನೀರು, ಪತ್ರಿ, ಹೊಸ ವಿಭೂತಿಯ ಗಟ್ಟಿ.

"ಏನ್ ವೈನಿ, ಇವತ್ತ ನನಗ ಇಷ್ಟು ಸೇವಾ?"

"ಹಿರಿಯಾರು ಬರ್ಲಕತ್ತಾರ. ಅಯ್ಯನೋರ ಮುಂದ ಬರೇ ಹಣಿಲೆ ಕುಂದರಬ್ಯಾಡ್ರಿ. ಛಂದ ಕಾಣಂಗಿಲ್ಲ."

"ಖರೇ ಅದ" ಎಂದು ಅವನು ಒಳಗೆ ಹೋದ. ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ನಿಲಂಗಾದ ಬಸ್ಸು ದಾರಿಯಲ್ಲಿ ಕೆಟ್ಟು, ಅವಳೂ ಅವಳ ಅಪ್ಪನೂ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅವರು ಕಾಲು ತೊಳೆದುಕೊಂಡು ಒಳಗೆ ಬಂದರು. ಅಪ್ಪನ ಹಣೆಯಲ್ಲಿ ವಿಭೂತಿ ಇತ್ತು. ಅವಳು ತೆಳ್ಳಗಾಗಿದ್ದಳು, ಬಸ್ಸಿನ ಕೆಂಪು ಧೂಳು ಹುಬ್ಬಿನ ಮೇಲೆ ಕೂತಿತ್ತು, ತುಟಿ ಒಣಗಿ ಬಿಳಿಯಾಗಿತ್ತು. ಹಣೆ ಬರಿದಾಗಿತ್ತು. ಅದನ್ನೇ ನಾನು ಮೊದಲು ನೋಡಿದ್ದು.

ಅವಳು ನೇರ ಅಡುಗೆಮನೆಗೆ ಬಂದಳು. ಎಂಟು ತಿಂಗಳು ಹೊರಗಿದ್ದವಳ ಹಾಗೆ ಬಾಗಿಲಲ್ಲಿ ನಿಲ್ಲಲಿಲ್ಲ.

"ಅಕ್ಕಾ, ಛಲೋ ಇದ್ದೀರೇನು? ಗಿಣಿ ಛಲೋ ಅದನ?"

"ಅದ."

"ಅಪ್ಪಂದು ನಸುಕಿನ್ಯಾಗ ಆಗ್ಯದ. ನಾ ಬುತ್ತಿ ಕಟ್ಟೋದ್ರಾಗ ಹೊತ್ತಾತು, ಇಲ್ಲೇ ಮಾಡ್ಕೊಂಡ್ರಾತು ಅಂತ ಬಂದೆ. ಒಂದು ತಂಬಿಗಿ ನೀರ ಕೊಡ್ರಿ, ಪೂಜಿ ಮುಗಿಸಿ ಹೊರಗ ಬರ್ತೀನಿ."

ನೀರಿನ ಹಂಡೆ ನನ್ನ ಕೈಯಳತೆಯಲ್ಲಿತ್ತು. ತಂಬಿಗೆ ಅದರ ಮುಚ್ಚಳದ ಮೇಲೆಯೇ ಬೋರಲು ಬಿದ್ದಿತ್ತು. ನಾನು ಅದನ್ನು ನೋಡಿದೆ.

"ಹಿರಿಯಾರು ಆಗಿಂದ ಕಾಯ್ಲಕತ್ತಾರ. ಮೊದಲ ಅದೊಂದು ಮುಗೀಲಿ. ಆಮ್ಯಾಲ ಸಾವಕಾಶ ಮಾಡ್ಕೋವಂತಿ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಅಂಥ ಮಾತನ್ನು ನಮ್ಮ ಪೈಕಿ ಯಾರ ಬಾಯಲ್ಲೂ ಅವಳು ಕೇಳಿರಲಿಕ್ಕಿಲ್ಲ. "ಹಂಗೇ ಆಗ್ಲಿ ಅಕ್ಕಾ" ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಹೋದಳು. ಪೂಜೆಯಾಗದ್ದರಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ.

ಪಡಸಾಲೆಯಲ್ಲಿ ಅಯ್ಯನವರು ಕಂಬಳಿಯ ಮೇಲೆ ಕೂತಿದ್ದರು. "ನಾ ಹೊಲದ ಪಂಚಾಯ್ತಿ ಮಾಡೀನಿ, ಬಾವಿ ಪಂಚಾಯ್ತಿ ಮಾಡೀನಿ. ಗಿಣಿ ಪಂಚಾಯ್ತಿ ಇದೇ ಮೊದಲ" ಎಂದು ನಕ್ಕರು. ಯಾರೂ ಜೊತೆಗೆ ನಗಲಿಲ್ಲ. ಅವಳ ಅಪ್ಪ ಕೈಮುಗಿದು, "ಅಯ್ಯನೋರ, ನನ್ನ ಮಗಳು ಈ ಮನ್ಯಾಗಿಂದು ಒಂದು ಚಮಚೆ ಕೇಳಿಲ್ಲ. ಹಕ್ಕಿ ಸಾಕ್ಯಾಳ, ಕೊಟ್ಟು ಕಳಸ್ರಿ" ಎಂದರು.

"ತಂದಾವ ನಾನು" ಎಂದ ಮೈದುನ.

"ತಂದಾವ ನೀನು. ದಿನಾ ಕಚ್ಚಿಸ್ಕೊಂಡಾವನೂ ನೀನು" ಎಂದಳು ಅವಳು. ತಲೆ ಎತ್ತಲಿಲ್ಲ.

ಅತ್ತೆ ಮೂಲೆಯಿಂದ, "ನಾಲಿಗಿ ನೋಡ್ರಿ ಇನ್ನೂ ಎಷ್ಟದ" ಎಂದರು. ನನ್ನ ಗಂಡ ನೆಲ ನೋಡುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ, ನೆನೆಸಿದ ಕಡಲೆಯ ಬಟ್ಟಲು ಹಿಡಿದುಕೊಂಡು. ಅದನ್ನು ಇಬ್ಬರಿಗೂ ಹಂಚಿದವಳೂ ನಾನೇ.

ಪಂಜರವನ್ನು ಕೆಳಗಿಳಿಸಿ ಬಾಗಿಲು ತೆರೆದರು. ಗಿಣಿ ಹೊಸ್ತಿಲಿಗೆ ಬಂದು ನಿಂತಿತು. ಅವಳು ಅಂಗೈ ಚಾಚಿ, "ಬಾ, ನಮ್ಮಪ್ಪ" ಎಂದಳು. ಆ ದನಿಗೆ ಅದು ರೆಕ್ಕೆ ಬಡಿದು, ಎರಡು ಹೆಜ್ಜೆ ಅವಳ ಕಡೆಗೇ ಹಾಕಿತು. ಅದು ಹೋಗಲಿ ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಂಡಿತು ಎಂದು ಬರೆಯಲು ಆಸೆಯಾಗುತ್ತದೆ. ಬೇಡಿಕೊಳ್ಳಲಿಲ್ಲ. ಗಿಣಿ ತಲೆ ಓರೆ ಮಾಡಿ ಅವಳ ಹಣೆ ನೋಡಿತು. ಮತ್ತೆ ನೋಡಿತು. ಆಮೇಲೆ ಅವಳ ತೋರುಬೆರಳನ್ನು ಕಚ್ಚಿ, ತಿರುಗಿ, ಮೂರು ಬಿಳಿ ಗೆರೆಗಳಿದ್ದ ಮೈದುನನ ಕೈಗೆ ಹೋಗಿ ಕಡಲೆ ತಿಂದಿತು.

ಮೈದುನನೇ ಬೆರಗಾದ. "ಅರೆ!" ಎಂದ.

"ಮೂಕ ಪ್ರಾಣಿಗೂ ತಿಳೀತದ್ರಿ ಅಯ್ಯನೋರ, ಯಾವ ಮನಿ ಅನ್ನ ಅಂತ" ಎಂದರು ಅತ್ತೆ.

ಅವಳು ಬೆರಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು. ಹಸಿರು ಸೆರಗಿನಲ್ಲಿ ರಕ್ತ ಕಪ್ಪಗೆ ಕಾಣುತ್ತಿತ್ತು. "ಅದಕ್ಕೂ ನಾ ಬ್ಯಾಡಾದೆ" ಎಂದಳು, ಯಾರಿಗೂ ಅಲ್ಲ. ಎಡಗೈಯಲ್ಲಿ ಕಾಗದವನ್ನು ಹಿಡಿದು, ಕಚ್ಚಿಸಿಕೊಂಡ ಕೈಯಿಂದಲೇ ಸಹಿ ಮಾಡಿದಳು. ಅಪ್ಪನಿಗೆ "ನಡೀರಿ, ಬಸ್ಸು ತಪ್ಪತದ" ಎಂದಳು.

ಆಗ ನಾನು ತಂಬಿಗೆ ಹಿಡಿದು ಓಡಿ ಬಂದೆ. "ಪೂಜಿ ಮಾಡ್ಕೊಂಡು ಹೋಗು, ಬಾ..."

"ಇರ್ಲಿ ಅಕ್ಕಾ. ನಿಲಂಗಾದಾಗ ಮಾಡ್ಕೋತೀನಿ."

ನಮ್ಮ ಮನೆಯಿಂದ ಅವಳು ಹೋದದ್ದು ಹೀಗೆ, ಪೂಜೆಯಿಲ್ಲದೆ, ನೀರಿಲ್ಲದೆ. ಕಾನ್ವೆಂಟಿನಲ್ಲಿ ನೀತಿಪಾಠ ಹೇಳುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಕೆಟ್ಟದ್ದು ಮಾಡಿದ್ದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಮಾಡಬೇಕಾಗಿದ್ದನ್ನು ಮಾಡದೆ ಬಿಟ್ಟದ್ದನ್ನು ಮರೆಯುತ್ತಾರೆ, ಆದ್ದರಿಂದ ಮಲಗುವ ಮುಂಚೆ ಅದನ್ನೇ ಮೊದಲು ನೆನೆಯಿರಿ ಎನ್ನುತ್ತಿದ್ದರು. ಹನ್ನೆರಡು ವರ್ಷದ ನಾವು ಹುಡುಗಿಯರು ನೆನೆಸಿ ನೆನೆಸಿ, ಗಿಡಕ್ಕೆ ನೀರು ಹಾಕಲು ಮರೆತದ್ದನ್ನು ಹೇಳುತ್ತಿದ್ದೆವು.

ಗೆದ್ದ ಮೈದುನ ಗಿಣಿಯನ್ನು ತಿರುಗಿ ನೋಡಲಿಲ್ಲ. ವಾರದಲ್ಲಿ ಸೊಲ್ಲಾಪುರಕ್ಕೆ ಹೋದ, ಅಲ್ಲಿಯೇ ನೆಲೆಯಾದ. ಪಂಜರ ನನಗೆ ಉಳಿಯಿತು. ನಾನು ಬಯಸಿದ ಹಾಗೆಯೇ ಆಯಿತು. ಆದರೆ ನಾನು ಎಣಿಸದ ಒಂದಿತ್ತು. ಸಿಳ್ಳಿನ ಜೊತೆಗೆ ಗಿಣಿ ಅವಳ ದನಿಯನ್ನೂ ಕಲಿತಿತ್ತು. ಅವಳಿದ್ದಾಗ ಎಂದೂ ಆಡದಿದ್ದ ಮಾತನ್ನು ಆ ಮಳೆಗಾಲದಲ್ಲಿ ಶುರುಮಾಡಿತು. "ಅಕ್ಕಾ, ಬರ್ರೀ..." ಅದೇ ಎಳೆತ. ಮೊದಲ ಸಲ ನಾನು ಹಿಟ್ಟಿನ ಕೈಯಲ್ಲಿ ಹಿತ್ತಲವರೆಗೆ ಓಡಿಹೋದೆ. ಬಾವಿಯ ಹತ್ತಿರ ಯಾರೂ ಇರಲಿಲ್ಲ. ಅತ್ತೆ ಕೂಡ ಆ ದನಿಗೆ ಬೆಚ್ಚಿ, "ಬಟ್ಟಿ ಮುಚ್ಚು ಅದಕ್ಕ" ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಕರೆಯುತ್ತಿತ್ತು. ನಾನು ರಾಗ ಗುನುಗುವುದನ್ನು ಬಿಟ್ಟೆ. ಸಿಳ್ಳು ಕ್ರಮೇಣ ಅದಕ್ಕೂ ಮರೆತುಹೋಯಿತು, ಆ ಕರೆ ಮರೆಯಲಿಲ್ಲ.

ನಾಲ್ಕು ವರ್ಷದ ಮೇಲೆ, ಅತ್ತೆ ತೀರಿಹೋದ ಮರುವರ್ಷ, ಅವಳ ಸುದ್ದಿ ಬಂತು. ಮೂರು ವರ್ಷ ಅಪ್ಪನ ಮನೆಯಲ್ಲಿದ್ದು, ಉದಗೀರದ ಒಬ್ಬ ಬೆಲ್ಲದ ವ್ಯಾಪಾರಿಗೆ ಉಡಿಕಿಯಾಗಿದ್ದಳು. ಎರಡನೆಯ ಮದುವೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ನನ್ನ ಗಂಡ ಉದಗೀರಕ್ಕೆ ಹೊರಟಾಗ ನಾನೂ ಬರುತ್ತೇನೆ ಎಂದೆ. ಪಂಜರಕ್ಕೆ ಹಳೆಯ ಪಂಚೆ ಸುತ್ತಿದೆ.

ನಮ್ಮ ತಾಲೂಕುಗಳು ಹೈದರಾಬಾದು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿ ಆಗ ಸ್ವಲ್ಪವೇ ದಿನವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಪಂಚೆ ಸರಿಸಿ ನೋಡಿ, "ಕಾಯ್ ಬಾಯಿ, ಪೋಪಟಾಚಂ ತಿಕೀಟ?" ಎಂದು ಗಿಣಿಗೂ ಟಿಕೀಟು ಕೇಳಿದ.

ನನ್ನ ಗಂಡ, "ಅದು ನಿಜಾಮನ ರಾಜ್ಯದಾಗ ಹುಟ್ಟಿದ್ದು, ಮಾರಾಯ. ನಿನ್ನ ಟಿಕೀಟು ಅದಕ್ಕ ನಡ್ಯಂಗಿಲ್ಲ" ಎಂದರು. ಬಸ್ಸೆಲ್ಲ ನಕ್ಕಿತು. ನಾನು ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ನನಗೆ ಗೊತ್ತಿತ್ತು, ಗೊತ್ತಿದ್ದೇ ನೀರು ಕೊಡಲಿಲ್ಲ. ಇಷ್ಟೇ. ನಿಲಂಗಾ ದಾಟುವಷ್ಟರಲ್ಲಿ ಅದು ಬಾಯಿಪಾಠವಾಗಿತ್ತು.

ನನ್ನ ಗಂಡ ಪೇಟೆಯ ಕಡೆ ಹೋದರು. ನಾನು ಪಂಜರ ಹಿಡಿದು ಅವಳ ಮನೆಯ ಬಾಗಿಲಲ್ಲಿ ನಿಂತೆ. ಮನೆಯೆಲ್ಲ ಬೆಲ್ಲದ ವಾಸನೆ. ಅವಳು ಒಳಗಿನಿಂದ ಬಂದವಳು ನನ್ನನ್ನು ನೋಡಿದಳು, ಪಂಜರವನ್ನು ನೋಡಿದಳು. ಹಣೆಯ ಮೇಲೆ ಆಗಷ್ಟೇ ಧರಿಸಿದ ವಿಭೂತಿ ಇತ್ತು. ಅವಳ ಬಾಯಿಂದ ಬಂದ ಮೊದಲ ಮಾತು ಏನೆಂದು ಈ ಊರುಗಳ ಯಾರಾದರೂ ಹೇಳಿಯಾರು.

"ಅಕ್ಕಾ, ಪೂಜಿ ಆಗ್ಯದನ?"

ಮೊದಲ ಬಸ್ಸಿಗೆ ಹೊರಟಿದ್ದರಿಂದ ನನ್ನದು ಆಗಿರಲಿಲ್ಲ. ನಾನು ತಲೆ ಅಲ್ಲಾಡಿಸಿದೆ. ಅವಳು ತಾನೇ ಮಣೆ ತಂದು ಹಾಕಿ, ಒರೆಸಿ, ತುಂಬಿದ ತಂಬಿಗೆ ಇಟ್ಟಳು. ವಿಭೂತಿ ಇಟ್ಟಳು, ಎರಡು ಪತ್ರಿ ಇಟ್ಟಳು. ಹಿಂದೆ ಸರಿದು ಬಾಗಿಲು ಅರೆ ಮುಚ್ಚಿದಳು. ನಾನು ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕೂತೆ. ಲಿಂಗಕ್ಕೆ ನೀರು ಎರೆದೆ. ಹೊರಗೆ ಗಿಣಿ ಕರೆಯಿತು, "ಅಕ್ಕಾ, ಬರ್ರೀ..." ಇಪ್ಪತ್ತು ವರ್ಷದ ಹುಡುಗಿಯ ದನಿ. ಬಳೆಗಳ ಸದ್ದು ಪಂಜರದ ಹತ್ತಿರ ಹೋಯಿತು.

ನಾನು ಹೊರಗೆ ಬಂದಾಗ ಅವಳು ಪಂಜರದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಗಿಣಿ ಅವಳ ಬೆರಳಿನಿಂದ ಕಡಲೆ ತಿನ್ನುತ್ತ, ಹಣೆಯನ್ನೇ ನೋಡುತ್ತಿತ್ತು.

"ಇಟ್ಕೋ" ಎಂದೆ. "ನಿಂದು ಇದು. ಕೊಡ್ಲಿಕ್ಕೇ ಬಂದೀನಿ."

"ಬ್ಯಾಡ ಅಕ್ಕಾ. ಉಡಿಕಿ ಆದಾಕಿ ಮೊದಲಿನ ಮನಿದು ಏನೂ ತರಬಾರದು. ಮೈಮ್ಯಾಲಿನ ಸೀರಿ ಸೈತ ಇವರು ತಂದಿದ್ದು ಉಟ್ಕೊಂಡ ಬಂದೀನಿ. ಕೊರಳಾಗಿನ ಲಿಂಗ ಒಂದ ನಂದು." ಕಡಲೆಯ ಸಿಪ್ಪೆಯನ್ನು ಅಂಗೈಗೆ ಒಟ್ಟುಗೂಡಿಸುತ್ತ ಹೇಳಿದಳು. "ನಿಲಂಗಾದಾಗ ಇದ್ದಾಗ ಬೇಕಾಗಿತ್ತು. ಬಿಟ್ಟು ಬಂದ ಮಗಳ ಕೂಡ ಯಾರು ಮಾತಾಡ್ತಾರ? ಮೂರು ವರ್ಷ. ಇದೊಂದು ಇದ್ದಿದ್ರ ಹೊತ್ತು ಹೋಗ್ತಿತ್ತು. ಈಗ ಇಲ್ಲಿ ಮಂದಿ ಅದಾರ, ಮಾತದ."

ನಾನು ಜೋಡಿಸಿದ್ದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು.

ಅವಳೇ ಮುಂದುವರಿಸಿದಳು. "ನಾನೂ ಹುಚ್ಚಿ. ಅವತ್ತ ಬರೇ ಹಣಿಲೆ ಹೋಗಿ ಕುಂತೆ. ತಿರುಗಿ ಹೋಗೋ ಬಸ್ಸಿನ್ಯಾಗ ಥಟ್ಟನೆ ತಿಳೀತು. ಸಂಜಿಮುಂದ ಯಾಕ ಕಚ್ತಿತ್ತು, ಮುಂಜಾನಿ ಯಾಕ ತಿಂತಿತ್ತು. ಇಳಿದು ಬರ್ಲೇನು ಅಂದೆ ಅಪ್ಪಗ. ಸಹಿ ಆಗ್ಯದ, ಸುಮ್ಮ ಕುಂದರು ಅಂದ." ಅವಳು ನಕ್ಕಳು, ಒಂದು ಕಣ್ಣು ಸಣ್ಣದಾಯಿತು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗೂ ಆಗ ಹೊಳದಿರ್ಲಿಕ್ಕಿಲ್ಲ, ಅಲ್ಲೇನ್ರಿ ಅಕ್ಕಾ?"

ಅವಳ ಮುಖದಲ್ಲಿ ಕೋಪ ಹುಡುಕಿದೆ. ಇರಲಿಲ್ಲ. ಗೊತ್ತಿದ್ದೇ ಕೇಳಿದಳೋ, ಗೊತ್ತಿಲ್ಲದೆ ಕೇಳಿದಳೋ, ಇಂದಿಗೂ ನನಗೆ ತಿಳಿಯದು. ಹೌದು ಎನ್ನಲು ಅವಳು ನನಗೆ ಬಾಗಿಲು ತೆರೆದಿಟ್ಟಿದ್ದಳು, ಇಲ್ಲ ಎನ್ನಲೂ.

"ಇಲ್ಲ" ಎಂದೆ. "ನನಗೂ ಹೊಳೀಲಿಲ್ಲ."

"ಹೊಳದಿದ್ರ ನೀವು ಬಿಡ್ತಿದ್ದೀರೇನು" ಎಂದು ಅವಳು ಎದ್ದು ಒಲೆಯ ಕಡೆ ಹೋದಳು. ರೊಟ್ಟಿ ತಟ್ಟುವ ಸದ್ದು ಕೇಳಿಸಿತು. ಬಿಸಿ ರೊಟ್ಟಿ, ಹೊಸ ಬೆಲ್ಲ, ತುಪ್ಪ. ನಾನು ಎರಡು ರೊಟ್ಟಿ ತಿಂದೆ. ಅವಳು ಮೂರನೆಯದನ್ನು ಬಡಿಸಿದಾಗ ಬೇಡ ಎನ್ನಲೂ ಆಗದೆ ಅದನ್ನೂ ತಿಂದೆ.

ತಿರುಗಿ ಬರುವಾಗ ಪಂಜರವನ್ನು ತೊಡೆಯ ಮೇಲೆ ಕಂಡು ನನ್ನ ಗಂಡ, "ಕೊಡ್ಲಿಲ್ಲೇನು?" ಎಂದರು. "ಬ್ಯಾಡಂದ್ಳು" ಎಂದೆ. ವಲಾಂಡಿ ದಾಟುವಾಗ ಬಿಸಿಲು ಇಳಿಯುತ್ತಿತ್ತು. ಕಿಟಕಿಯಿಂದ ಬರುವ ಬಿಸಿಗಾಳಿಗೆ ಬೆವೆತು, ಸೆರಗಿನಿಂದ ಹಣೆಯನ್ನು ಎರಡು ಮೂರು ಸಲ ಒರೆಸಿಕೊಂಡಿದ್ದೆ. ನಿಲಂಗಾದ ನಿಲ್ದಾಣದಲ್ಲಿ ಬಸ್ಸು ನಿಂತಿತು. ಅವಳು ಅಂದು ಇಳಿದದ್ದು ಇಲ್ಲಿಯೇ, ಸೆರಗಿನಲ್ಲಿ ಬೆರಳು ಸುತ್ತಿಕೊಂಡು.

ಪಂಚೆ ಸರಿಸಿ ಪಂಜರದ ಸಂದಿಯೊಳಗೆ ತೋರುಬೆರಳು ಇಟ್ಟೆ. ಗಿಣಿ ತಲೆ ಓರೆ ಮಾಡಿ ನನ್ನ ಹಣೆ ನೋಡಿತು. ಮತ್ತೆ ನೋಡಿತು. ಆಮೇಲೆ ಕಚ್ಚಿತು.

"ಅಯ್ಯ, ತೆಗೀ ಬೆರಳ! ರಕ್ತ ಬರ್ಲಕತ್ತದ" ಎಂದರು ನನ್ನ ಗಂಡ.

ಬಸ್ಸು ಹೊರಟಿತು. ನಾನು ತೆಗೆಯಲಿಲ್ಲ.